ದೀಪದ ಕಂಬದ ಈಚೆ

ಶಿರಾ
12 ಜೂನ್ 2024

ಪ್ರೀತಿಯ ಯಶೋಧಾ,

ನೀನು ಕಳಿಸಿದ ಲಕೋಟೆ ನಿನ್ನೆ ಬಂತು. ಗೋಂದು ಮೆತ್ತುವುದರಲ್ಲಿ ನೀನು ಇನ್ನೂ ಮಧುಗಿರಿಯ ಟೀಚರ್ ಟ್ರೈನಿಂಗ್ ದಿನಗಳ ಯಶೋಧರಾನೇ. ಕತ್ತರಿಗೆ ಜಗ್ಗಲಿಲ್ಲ, ಕೊನೆಗೆ ಈಳಿಗೆಮಣೆಯಲ್ಲಿ ಕೊಯ್ದೆ. ನಮ್ಮತ್ತೆ ಬದನೆಕಾಯಿ ಬಿಟ್ಟು ನನ್ನನ್ನೇ ನೋಡುತ್ತಾ ಕೂತರು.

ಚಿತ್ರಗಳನ್ನು ನೆಲದ ಮೇಲೆ ಹರಡಿಕೊಂಡು ಸಂಜೆಯವರೆಗೂ ನೋಡಿದೆ. ಒಂಬತ್ತು ವರ್ಷದ ಹುಡುಗಿ, ಹಳೇ ಉತ್ತರಪತ್ರಿಕೆಯ ಹಿಂಭಾಗ, ಬಾಲ್ ಪೆನ್ನು. ಎಲ್ಲದರಲ್ಲೂ ಬರೀ ಪಾದಗಳು! ಒಂದಕ್ಕೆ ಕಡಗ, ಒಂದಕ್ಕೆ ಕಾಲುಂಗುರ, ಒಂದು ಮುಂದಕ್ಕೆ ಎತ್ತಿಟ್ಟ ಹೆಜ್ಜೆ, ಮೇಲೆ ಸೀರೆಯ ಅಂಚು, ಅಲ್ಲಿಗೆ ಚಿತ್ರ ಮುಗಿಯುತ್ತದೆ. ನಿಮ್ಮೂರ ಈಶ್ವರನ ಗುಡಿಯ ಗೋಡೆಚಿತ್ರ ನೋಡಿ ಬರೆಯುತ್ತಾಳೆ ಅಂದಿದ್ದೆಯಲ್ಲ. ಉಳಿದ ಮೈ ಎಲ್ಲಿ ಹೋಯಿತು?

ನನ್ನ ಪುಸ್ತಕದ ಬಗ್ಗೆ ಫೋನಿನಲ್ಲಿ ಅರ್ಧ ಹೇಳಿದ್ದೆ. ಮಕ್ಕಳಿಗಾಗಿ ಚಿತ್ರಕಲೆಯ ಇತಿಹಾಸ. ಬಂಡೆಯ ಮೇಲೆ ಬೇಟೆ ಗೀಚಿದವರಿಂದ ಹಿಡಿದು ಅಜಂತಾ, ನಮ್ಮ ಸೀಮೆಯ ಗುಡಿಗಳು, ಇವತ್ತು ಶಾಲೆ ಕಾಂಪೌಂಡಿಗೆ ಬಣ್ಣ ಬಳಿಯುವವರವರೆಗೆ. ಅದನ್ನೆಲ್ಲ ಒಬ್ಬ ಹುಡುಗಿ ನೋಡುತ್ತಾ ಹೋಗುತ್ತಾಳೆ, ಅವಳಿಗೆ ಆಟಿಸಂ ಇರುತ್ತದೆ. ಓದುವ ಮಕ್ಕಳಿಗೆ ಎರಡೂ ಒಟ್ಟಿಗೆ ಪರಿಚಯವಾಗಲಿ ಅಂತ ನನ್ನ ಆಸೆ. ಆ ಹುಡುಗಿ ನಿನ್ನ ಮಗಳು ವಿಶಾಖಾ ಆಗಬಹುದಾ? ಅವಳ ಚಿತ್ರ, ಅವಳ ಹೆಸರು?

ಫೋನ್ ರಿಂಗಾದರೆ ಅವಳು ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾಳೆ ಅಂದಿದ್ದೆಯಲ್ಲ, ಇನ್ನು ಕಾಗದದಲ್ಲೇ ಮಾತಾಡೋಣ.

ನಿನ್ನ ಹಳೇ ಬೆಂಚುಗಾತಿ,
ತೇಜು


ಚನ್ನರಾಯನದುರ್ಗ ಹೋಬಳಿ
30 ಜೂನ್ 2024

ತೇಜು,

ಕಾಗದವೇ ವಾಸಿ. ಫೋನಿನಲ್ಲಿ ನಾನು ಮಾತು ಮುಗಿಸುವ ಮುಂಚೆ ನೀನು ಸಮಾಧಾನ ಹೇಳಿಬಿಡುತ್ತೀಯ.

ವಿಶಾಖಾ ಬೆಳಗ್ಗೆ ನಮ್ಮೂರ ಶಾಲೆಗೆ ಹೋಗುತ್ತಾಳೆ. ಊಟದ ಹೊತ್ತಿನ ತಟ್ಟೆ ಸದ್ದು ತಡೆಯುವುದಿಲ್ಲ, ಹಾಗಾಗಿ ಅಷ್ಟರೊಳಗೆ ನಮ್ಮತ್ತೆ ಪಾಪಕ್ಕ ಹೋಗಿ ಕರೆದುಕೊಂಡು ಬರುತ್ತಾರೆ. ಮಧ್ಯಾಹ್ನವೆಲ್ಲ ಅಜ್ಜಿ ಮೊಮ್ಮಗಳು ಗುಡಿಯ ಹತ್ತಿರ ಬೇವಿನ ನೆರಳಲ್ಲಿರುತ್ತಾರೆ. ಅಲ್ಲಿ ಸದ್ದಿಲ್ಲ, ಕಲ್ಲು ತಣ್ಣಗಿರುತ್ತದೆ. ನಾನು ಕೊರಟಗೆರೆ ಕಡೆಯ ಶಾಲೆಯಿಂದ ಬಸ್ಸಿಳಿದು ಬರುವಷ್ಟರಲ್ಲಿ ಸಂಜೆ. ಅವಳಪ್ಪ ಅಶ್ವತ್ಥ ಪಾವಗಡದ ಬಲಸಮುದ್ರದ ಹತ್ತಿರ ಸೋಲಾರ್ ಕೆಲಸದಲ್ಲಿದ್ದಾರೆ, ಶನಿವಾರ ಬರುತ್ತಾರೆ.

ಅವಳು ಮಾತಾಡುವುದು ಕಡಿಮೆ. ಬಸ್ಸಿನ ಕಂಡಕ್ಟರ್ ಕೂಗುವ ಊರುಗಳನ್ನು ಸಾಲಾಗಿ ಹೇಳುತ್ತಾಳೆ. ಮನೆಗೆ ಬಂದವರ ಚಪ್ಪಲಿಯನ್ನು ಅಜ್ಜಿಯ ಚಪ್ಪಲಿ ಪಕ್ಕ ಜೋಡಿಸಿ, ತುದಿ ಒಂದೇ ಕಡೆ ಇರುವ ಹಾಗೆ ಇಡುತ್ತಾಳೆ. ಇಷ್ಟವಾದವರದ್ದನ್ನು ಮಾತ್ರ.

ತರಗತಿಯಲ್ಲಿ ಅವಳ ಪಕ್ಕ ಯಾರೂ ಕೂರುವುದಿಲ್ಲ. ಪಕ್ಕ ಕೂತರೆ ನಮಗೂ ಅಂಟಿಕೊಳ್ಳುತ್ತದೆ ಅಂತ ಯಾವುದೋ ಮಗು ಹೇಳಿತಂತೆ, ಉಳಿದವರು ನಂಬಿದರು. ಅದಕ್ಕೇ ನಿನ್ನ ಪುಸ್ತಕ ನನಗೆ ಬೇಕು, ತೇಜು. ನಮ್ಮೂರ ಶಾಲೆಯ ಕಪಾಟಿನಲ್ಲಿ ಅದಿರಬೇಕು. ಅದನ್ನೋದಿದ ಒಂದು ಮಗು ಎದ್ದು ಬಂದು ಇವಳ ಬೆಂಚಿನಲ್ಲಿ ಕೂತರೆ ಸಾಕು, ನನಗೆ ಬೇರೇನೂ ಬೇಡ.

ಹೆಸರು ಹಾಕು, ಚಿತ್ರ ಬಳಸು. ಆದರೆ ಅವಳನ್ನು ಪವಾಡದ ಹುಡುಗಿ ಮಾಡಬೇಡ. ಚಿತ್ರ ಬರೆಯಲು ಬಾರದಿದ್ದರೂ ಅವಳ ಪಕ್ಕ ಕೂರಬೇಕು, ಅಲ್ಲವಾ? ಕೊನೆಯ ಪುಟದಲ್ಲಿ ಅವಳು ಪಟಪಟ ಮಾತಾಡಿಬಿಡುವುದೂ ಬೇಡ. ಇರುವ ಹಾಗೆ ಬರಿ.

ಪಾದದ ವಿಷಯ ನನಗೂ ಅಷ್ಟೇ ಗೊತ್ತು. ತುಮಕೂರಿನ ಡಾಕ್ಟರಿಗೆ ತೋರಿಸಿದಾಗ, ಇಂಥ ಮಕ್ಕಳು ಒಂದು ಭಾಗಕ್ಕೆ ಅಂಟಿಕೊಳ್ಳುತ್ತಾರೆ, ಇಡಿಯಾಗಿ ನೋಡುವುದಿಲ್ಲ ಅಂದರು. ಹಾಗೇ ಇರಬೇಕು. ನಮ್ಮಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ನಾನು ಯಾವ ಗುಡಿಯ ಕಡೆಗೂ ತಲೆ ಹಾಕಿಲ್ಲ, ಆ ಚಿತ್ರ ನಾನು ನೋಡಿಯೇ ಇಲ್ಲ.

ನಂಬಿಕೆಯಿಂದ,
ಯಶೋಧರಾ


ಶಿರಾ
9 ಸೆಪ್ಟೆಂಬರ್ 2024

ಪ್ರೀತಿಯ ಯಶೋಧಾ,

ಕಳೆದ ಬುಧವಾರ ನಿಮ್ಮೂರಿಗೆ ಬಂದಿದ್ದೆ. ನಿನಗೆ ಶಾಲೆ ಅಂತ ಗೊತ್ತಿತ್ತು, ಆದರೂ ಬಿಸಿಲು ಚೆನ್ನಾಗಿತ್ತು, ತಡೆಯಲಾಗಲಿಲ್ಲ. ಪಾಪಕ್ಕ, ವಿಶಾಖಾ ಹೊರಗೆ ಕೂತಿದ್ದರು. ಅವರನ್ನು ಮಾತಾಡಿಸಿ ಒಳಗೆ ಹೋದೆ. ಪೂಜಾರಿ ಮಹಾಲಿಂಗಯ್ಯನವರು ಮಜ್ಜಿಗೆ ಕೊಟ್ಟು, ಗರ್ಭಗುಡಿಯ ಅಕ್ಕಪಕ್ಕದ ಗೋಡೆಗೆ ದೀಪ ಹಿಡಿದು ತೋರಿಸಿದರು.

ಏನು ಚಿತ್ರವೇ ಅದು! ಸಾಲಾಗಿ ನಡೆದು ಹೋಗುವ ಹೆಂಗಸರು. ಒಬ್ಬಳ ಕೈಯಲ್ಲಿ ಕಳಶ, ಒಬ್ಬಳ ಹೆಗಲ ಮೇಲೆ ಗಿಣಿ, ಒಬ್ಬಳು ಹಿಂದೆ ತಿರುಗಿ ಗೆಳತಿಗೆ ಏನೋ ಹೇಳುತ್ತಿದ್ದಾಳೆ. ಉದ್ದನೆಯ ಕಣ್ಣು. ಕೆಮ್ಮಣ್ಣು, ಸುಣ್ಣ, ಕಾಡಿಗೆ, ಮೂರೇ ಬಣ್ಣದಲ್ಲಿ ಯಾರೋ ಇಷ್ಟೆಲ್ಲ ಬರೆದು ಹೆಸರೂ ಹಾಕದೆ ಹೋಗಿದ್ದಾರೆ. ಇಷ್ಟು ಚೆಂದದ ಮುಖಗಳನ್ನು ಬಿಟ್ಟು ನಮ್ಮ ಹುಡುಗಿ ಪಾದ ಹಿಡಿದುಕೊಂಡಿದ್ದಾಳಲ್ಲ ಅಂತ ನಗುವೂ ಬಂತು, ಕರುಳೂ ಚುರ್ ಅಂದಿತು.

ಆ ಪುಟ ಹೀಗೆ ಬರೆದಿದ್ದೇನೆ:

“ವಿಶಾಖಾ ದಿನಾ ಗುಡಿಯ ಚಿತ್ರ ನೋಡುತ್ತಾಳೆ. ಆದರೆ ಅವಳ ಕಣ್ಣು ಪಾದಗಳಲ್ಲೇ ನಿಂತುಬಿಡುತ್ತದೆ. ಮುಖ, ಕೈ, ಗಿಣಿ ಯಾವುದೂ ಅವಳಿಗೆ ಬೇಡ. ಅವಳಿಗೆ ಆಟಿಸಂ ಇದೆ. ಆಟಿಸಂ ಇರುವ ಕೆಲವರಿಗೆ ಇಡೀ ಚಿತ್ರಕ್ಕಿಂತ ಒಂದು ಚೂರೇ ಮುದ್ದು.”

ಪ್ರಕಾಶಕರಿಗೆ ತುಂಬಾ ಹಿಡಿಸಿದೆ. ಇಡೀ ಪುಸ್ತಕದ ಜೀವ ಈ ಪುಟ ಅಂದರು. ಡಿಸೆಂಬರಿನಲ್ಲಿ ಅಚ್ಚಿಗೆ ಹೋಗುತ್ತದೆ. ಓದಿ ಒಂದು ಸಾಲು ಬರಿ.

ಖುಷಿಯಲ್ಲಿರುವ,
ತೇಜು


ಚನ್ನರಾಯನದುರ್ಗ ಹೋಬಳಿ
28 ಅಕ್ಟೋಬರ್ 2024

ತೇಜು,

ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ನಿಧಾನವಾಗಿ ಓದು.

ದಸರಾ ರಜೆಯಲ್ಲಿ ನಮ್ಮತ್ತೆಗೆ ಮಂಡಿ ಊದಿಕೊಂಡಿತ್ತು. ಮಧ್ಯಾಹ್ನವಾದರೆ ವಿಶಾಖಾ ಹೊರಡಲೇಬೇಕು, ಇಲ್ಲದಿದ್ದರೆ ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಾಳೆ. ಹಾಗಾಗಿ ನಾನೇ ಹೋದೆ. ಮುಂದೆ ಅವಳು, ಹಿಂದೆ ನಾನು. ಗುಡಿಯ ಬಾಗಿಲಿನಿಂದ ಬಹಳ ದೂರದಲ್ಲಿ ದೀಪದ ಕಂಬವಿದೆ. ಅದರಿಂದಲೂ ಈಚೆ, ಬೇವಿನ ಬುಡದಲ್ಲಿ ಒಂದು ಚಪ್ಪಡಿ ಕಲ್ಲು. ಅವಳು ಹೋಗಿ ಅಲ್ಲಿ ಕೂತಳು. ಅಜ್ಜಿ ಕೂರುವ ಜಾಗ ಕೈಯಲ್ಲಿ ತಟ್ಟಿ ತೋರಿಸಿದಳು. ಕೂತೆ.

ಗುಡಿ ಪಡುವಣಕ್ಕೆ ಮುಖ ಮಾಡಿದೆ. ಹೊತ್ತು ವಾಲಿದ ಹಾಗೆ ಬಿಸಿಲು ಬಾಗಿಲೊಳಗೆ ನುಗ್ಗಿ ಎದುರಿನ ಗೋಡೆಗೆ ಬಿತ್ತು. ಹಳೇ ಕಾಲದ ಕುಳ್ಳು ಬಾಗಿಲು. ಅದರ ಮೇಲ್ಪಟ್ಟಿ ಗೋಡೆಯನ್ನು ಅಡ್ಡಕ್ಕೆ ಕೊಯ್ದಂತೆ ಮರೆ ಮಾಡುತ್ತದೆ. ಕೆಳಗೆ ಉಳಿಯುವುದು ಪಾದಗಳು ಮತ್ತು ಸೀರೆಯ ಅಂಚು. ಅಷ್ಟೇ, ತೇಜು. ಆ ಕಲ್ಲಿನಿಂದ ಅಷ್ಟೇ ಕಾಣುವುದು. ಎದ್ದು ನಿಂತೆ, ನಿಂತರೆ ಇನ್ನೂ ಕಡಿಮೆ. ಮಗಳನ್ನು ಕೂರಿಸಿ ಮುಂದಕ್ಕೆ ನಡೆದೆ. ಕಂಬದ ಹತ್ತಿರ ಮೊಣಕಾಲು ಕಂಡಿತು. ಕಂಬ ದಾಟಿದ ಮೇಲೆ ಸೊಂಟ. ಮೆಟ್ಟಿಲ ಹತ್ತಿರ ಹೋದಾಗ ನೀನು ಬರೆದಿದ್ದ ಗಿಣಿ, ಉದ್ದ ಕಣ್ಣು ಎಲ್ಲಾ ಕಂಡವು. ಅಲ್ಲಿಂದ ತಿರುಗಿ ನೋಡಿದೆ. ವಿಶಾಖಾ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದಳು.

ಮನೆಗೆ ಬಂದು ಅತ್ತೆಯನ್ನು ಕೇಳಿದೆ, ಯಾಕೆ ಅಷ್ಟು ದೂರ ಕೂರ್ತೀರಿ ಅಂತ.

“ನಮ್ಮ ಜಾಗ ಅದೇ ಅಲ್ವಾ ಕಣಮ್ಮ. ನಾವು ಚಿಕ್ಕೋರಾಗಿದ್ದಾಗ ಕಂಬದಿಂದ ಆಚೆ ಕಾಲಿಕ್ಕಂಗಿರ್ಲಿಲ್ಲ. ಈಗ ಯಾರೂ ಏನೂ ಅನ್ನಾಕಿಲ್ಲ. ಆದ್ರೂ ಕಾಲು ಅಲ್ಲಿಗೇ ನಿಂತ್ಬುಡ್ತದೆ.”

“ಅಲ್ಲಿಂದ ಏನು ಕಾಣುತ್ತೆ ಅತ್ತೆ?”

“ಕಾಲು ಕಾಣ್ತವೆ. ಕಾಲು ಕಂಡ್ರೆ ಸಾಕು ಅನ್ನೋಳು ನಮ್ಮವ್ವ.”

ಡಾಕ್ಟರು ಹೇಳಿದರು, ನೀನು ಬರೆದೆ, ಹೆತ್ತ ನಾನೂ ಹೌದು ಅಂದೆ. ಅವಳ ಮನಸ್ಸೇ ಅಂಥದ್ದು ಅಂತ ಮೂವರೂ ತೀರ್ಮಾನ ಮಾಡಿಬಿಟ್ಟೆವು. ಅವಳು ಕೂತ ಜಾಗದಲ್ಲಿ ಕೂತು ನೋಡಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಅವಳಿಗೆ ಆಟಿಸಂ ಇದೆ, ನಿಜ. ಆದರೆ ಈ ಪಾದಗಳು ಅದರಿಂದ ಬಂದವಲ್ಲ. ಕಂಡದ್ದನ್ನು ಕಂಡಷ್ಟೇ ಬರೆದಿದ್ದಾಳೆ.

ಆ ಪುಟ ಬದಲಿಸು. ಇದೇ ಊರಿನ ಮಕ್ಕಳು ಅದನ್ನು ಓದಿ, ಇವಳಿಗೆ ಇಡೀ ಚಿತ್ರ ಕಾಣುವುದಿಲ್ಲವಂತೆ ಅಂದುಕೊಳ್ಳಬಾರದು.

ಕಾಯುತ್ತಿರುವ,
ಯಶೋಧರಾ


ಶಿರಾ
14 ನವೆಂಬರ್ 2024

ಪ್ರೀತಿಯ ಯಶೋಧಾ,

ನಿನ್ನ ಕಾಗದ ಎರಡು ಸಲ ಓದಿದೆ. ಪ್ರಕಾಶಕರ ಹತ್ತಿರವೂ ಮಾತಾಡಿದೆ. ಪುಟಗಳೆಲ್ಲ ಜೋಡಿಸಿ ಆಗಿದೆ. ಅದಿರಲಿ, ಅದು ದೊಡ್ಡ ಮಾತಲ್ಲ.

ಎಂಟು ವರ್ಷದ ಮಗುವಿಗೆ ಒಂದೇ ಪುಸ್ತಕದಲ್ಲಿ ಎಷ್ಟು ಹೇಳಲಿ? ಚಿತ್ರಕಲೆ ಇದೆ, ಆಟಿಸಂ ಇದೆ. ಅದರ ಮೇಲೆ ಇದನ್ನೂ ಹೊರಿಸಿದರೆ ಶಾಲೆಗಳು ತೆಗೆದುಕೊಳ್ಳುವುದೇ ಇಲ್ಲ, ಆಗ ನಿನ್ನ ಕಪಾಟಿಗೂ ಬರುವುದಿಲ್ಲ. ಮತ್ತೆ ಈಗ ತಡೆಯುವವರು ಯಾರಿದ್ದಾರೆ ಹೇಳು? ಮಹಾಲಿಂಗಯ್ಯನವರು ಅಷ್ಟು ಒಳ್ಳೆಯವರು. ಪಾಪಕ್ಕ ಹೊರಗೆ ಕೂರುವುದು ಅವರ ಅಭ್ಯಾಸ. ಗುಡಿಗೆ ಹೋಗದಿರುವುದು ನಿನ್ನ ತತ್ವ. ಇದರಲ್ಲಿ ಊರಿನ ತಪ್ಪೇನು?

ನಿನಗೆ ಬೇಜಾರಾಗಬಹುದು, ಆದರೂ ಗೆಳತಿಯಾಗಿ ಹೇಳುತ್ತೇನೆ. ನೀನು ಎಲ್ಲದರಲ್ಲೂ ಅದನ್ನೇ ಹುಡುಕುತ್ತೀಯ.

ಬೇಕಾದರೆ ಊರಿನ ಹೆಸರು ತೆಗೆಯುತ್ತೇನೆ. ಪುಟ ಹಾಗೇ ಇರಲಿ, ಅದು ಸುಂದರವಾಗಿದೆ.

ನಿನ್ನ ಒಳ್ಳೆಯದನ್ನೇ ಬಯಸುವ,
ತೇಜು


ಚನ್ನರಾಯನದುರ್ಗ ಹೋಬಳಿ
25 ನವೆಂಬರ್ 2024

ತೇಜಸ್ವಿನಿಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ನೀವು ನಮ್ಮೂರಿಗೆ ಬಂದ ದಿನ ನಮ್ಮತ್ತೆಯನ್ನು ಮಾತಾಡಿಸಿ ಒಳಗೆ ಹೋದಿರಿ. ‘ನೀವೂ ಬನ್ನಿ’ ಅಂತ ಅವರು ಕರೆದರಾ ಎಂದು ಅತ್ತೆಯನ್ನು ಕೇಳಿದೆ. “ಅಂಗೆಲ್ಲಾ ಯಾಕೆ ಕರೀತಾರೆ ಬುಡು, ದೊಡ್ಡೋರು ಮಾತಾಡ್ಸಿದ್ದೇ ಹೆಚ್ಚು” ಅಂದರು. ನೀವು ಉಟ್ಟಿದ್ದ ಸೀರೆಯ ಬಣ್ಣ ಅವರಿಗೆ ಇನ್ನೂ ನೆನಪಿದೆ.

ನನ್ನ ಮಗಳ ಹೆಸರು ಪುಸ್ತಕದಲ್ಲಿ ಬೇಡ. ಅವಳ ಚಿತ್ರಗಳನ್ನು ದಯವಿಟ್ಟು ವಾಪಸ್ ಕಳಿಸಿ. ಅವಳು ಕೇಳುತ್ತಿದ್ದಾಳೆ.

ಇಂತಿ,
ಯಶೋಧರಾ, ಸಹಶಿಕ್ಷಕಿ


ಶಿರಾ
20 ಫೆಬ್ರುವರಿ 2025

ಯಶೋಧಾ,

ಚಿತ್ರಗಳನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ತಡವಾಯಿತು. ನಿನ್ನ ಕೈಯಲ್ಲಿ ‘ನೀವು’ ಅನ್ನಿಸಿಕೊಂಡ ಮೇಲೆ ನಿನಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೊದಲು ಸಿಟ್ಟು ಬಂತು. ಸಂಕ್ರಾಂತಿಯವರೆಗೂ ಸಿಟ್ಟೇ ಇತ್ತು, ಸುಳ್ಳು ಹೇಳುವುದಿಲ್ಲ. ನಮ್ಮ ಬುಕ್ಕಾಪಟ್ಟಣದ ಮನೆಗೆ ಹಬ್ಬಕ್ಕೆ ಹೋದಾಗ ಹಿತ್ತಿಲ ಬಾಗಿಲಲ್ಲಿ ಕಾಳು ಕೇರುವ ಹೆಂಗಸರು ಕೂತಿದ್ದರು. ನಾನು ಅವರನ್ನು ಮಾತಾಡಿಸಿ ಒಳಗೆ ಹೋದೆ. ಒಳಗೆ ಹೋದ ಮೇಲೆ ನಿನ್ನ ಕಾಗದ ನೆನಪಾಯಿತು.

ಹೋದ ವಾರ ನಿಮ್ಮೂರಿಗೆ ಬಂದಿದ್ದನ್ನು ನಿನ್ನ ಅತ್ತೆ ಹೇಳಿರುತ್ತಾರೆ. ಅವರ ಪಕ್ಕ ಕೂರಲು ಹೋದರೆ ಎದ್ದು ನಿಂತರು. “ಬ್ಯಾಡ ಕಣಮ್ಮ, ಸೀರೆ ಮಣ್ಣಾಯ್ತದೆ” ಅಂದರು. ಕೂತೆ. ಬಿಸಿಲು ಒಳಗೆ ಬೀಳುವವರೆಗೆ ಕಾದೆ. ಪಾದಗಳು ಕಂಡವು. ನಿಜ ಹೇಳಲಾ, ಒಳಗೆ ನಿಂತಾಗ ಆ ಪಾದಗಳನ್ನು ನಾನು ನೋಡಿಯೇ ಇರಲಿಲ್ಲ. ಕಾಲುಂಗುರ ಯಾವ ಬೆರಳಿಗಿದೆ ಅಂತ ಆಗ ಕೇಳಿದ್ದರೆ ನಾನು ಏನಾದರೂ ಊಹಿಸಿ ಹೇಳುತ್ತಿದ್ದೆ.

ಮಹಾಲಿಂಗಯ್ಯನವರ ಹತ್ತಿರ ಹೋಗಿ, ಇವರು ಯಾಕೆ ಒಳಗೆ ಬರುವುದಿಲ್ಲ ಅಂದೆ.

“ಯಾರೂ ಬರ್ಬ್ಯಾಡಿ ಅಂದಿಲ್ಲ ಕಣಮ್ಮ.”

“ಬನ್ನಿ ಅಂದಿದ್ದೀರಾ?”

ಅವರು ದೀಪದ ಬತ್ತಿ ಸರಿಮಾಡುತ್ತಾ ನಿಂತುಬಿಟ್ಟರು. ಅವರನ್ನು ಕೇಳಲು ನನಗೇನು ಹಕ್ಕಿತ್ತು ಅಂತ ಬಸ್ಸಿನಲ್ಲಿ ಕೂತ ಮೇಲೆ ಅನ್ನಿಸಿತು.

ಹೊರಡುವಾಗ ನನ್ನ ಚಪ್ಪಲಿ ಹುಡುಕಿದೆ. ಅದು ಪಾಪಕ್ಕನ ಚಪ್ಪಲಿ ಪಕ್ಕದಲ್ಲಿತ್ತು, ತುದಿ ಒಂದೇ ಕಡೆ. ನನಗೆ ಅಳು ಬಂತು, ಯಶೋಧಾ. ಅಲ್ಲೇ ಅತ್ತುಬಿಟ್ಟೆ.

ಪುಸ್ತಕ ಅಚ್ಚಿಗೆ ಹೋಗಿಲ್ಲ, ನಾನೇ ತಡೆದಿದ್ದೇನೆ. ಪುಟವನ್ನು ಹೊಸದಾಗಿ ಬರೆದಿದ್ದೇನೆ. ಒಪ್ಪಿದರೆ ಮಾತ್ರ ಅವಳ ಹೆಸರು. ಒಪ್ಪದಿದ್ದರೆ ಆ ಅಧ್ಯಾಯವೇ ಬೇಡ ಅಂತ ಪ್ರಕಾಶಕರಿಗೆ ಹೇಳಿಯಾಗಿದೆ. ಅವರು ಗೊಣಗುತ್ತಿದ್ದಾರೆ, ಗೊಣಗಲಿ.

“ವಿಶಾಖಾಳಿಗೆ ಆಟಿಸಂ ಇದೆ. ಅವಳಿಗೆ ಗಲಾಟೆ ಆಗದು, ಗುಡಿಯ ಹತ್ತಿರದ ತಣ್ಣನೆಯ ಕಲ್ಲು ಇಷ್ಟ. ಆ ಕಲ್ಲಿನಿಂದ ಗೋಡೆಯ ಚಿತ್ರದ ಪಾದಗಳು ಮಾತ್ರ ಕಾಣುತ್ತವೆ. ಅವಳ ಅಜ್ಜಿ, ಅಜ್ಜಿಯ ಅಮ್ಮ, ಅವರ ಕೇರಿಯವರೆಲ್ಲ ಅಲ್ಲೇ ಕೂರಬೇಕಿತ್ತು. ಒಳಗೆ ಬನ್ನಿ ಅಂತ ಅವರನ್ನು ಯಾರೂ ಕರೆಯಲಿಲ್ಲ. ಕಂಡ ಪಾದಗಳನ್ನು ವಿಶಾಖಾ ಬೇರೆ ಯಾರೂ ನೋಡದಷ್ಟು ಚೆನ್ನಾಗಿ ನೋಡಿದಳು. ನೀವು ಚಿತ್ರ ನೋಡುವಾಗ ಎಲ್ಲಿ ಕೂತಿರುತ್ತೀರಿ?”

ಉತ್ತರ ಬರೆಯಲೇಬೇಕು ಅಂತಿಲ್ಲ.

ತೇಜಸ್ವಿನಿ


ಚನ್ನರಾಯನದುರ್ಗ ಹೋಬಳಿ
20 ಏಪ್ರಿಲ್ 2025

ತೇಜು,

ಪರೀಕ್ಷೆ, ಮೌಲ್ಯಮಾಪನ ಅಂತ ನೆಪ ಹೇಳಬಹುದು. ನೆಪ ಬೇಡ. ನನಗೆ ಬರೆಯಲು ಮನಸ್ಸಾಗಿರಲಿಲ್ಲ. ‘ಎಲ್ಲದರಲ್ಲೂ ಅದನ್ನೇ ಹುಡುಕುತ್ತೀಯ’ ಅಂದ ನಿನ್ನ ನವೆಂಬರಿನ ಸಾಲು ನನ್ನೊಳಗೆ ಇನ್ನೂ ಇದೆ, ಬೇಗ ಹೋಗುವುದಿಲ್ಲ. ಆದರೂ ಬರೆಯುತ್ತಿದ್ದೇನೆ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಮಹಾಲಿಂಗಯ್ಯನವರು ಕಲ್ಲಿನ ಹತ್ತಿರ ಬಂದು, “ಪಾಪಕ್ಕ, ಬಿಸ್ಲು ಜಾಸ್ತಿ ಆಗೈತೆ, ಒಳೀಕೆ ಬನ್ನಿ” ಅಂದರಂತೆ. ಹೇಳಿದವರೇ ನಾಚಿಕೊಂಡು ಹೊರಟುಹೋದರಂತೆ. ಅತ್ತೆ ರಾತ್ರಿಯೆಲ್ಲ ಅದನ್ನೇ ಹೇಳಿದರು. ಹೇಳುತ್ತಾ ಹೇಳುತ್ತಾ ಒಮ್ಮೆ ನಕ್ಕರು, ಒಮ್ಮೆ, “ಇಷ್ಟ್ ದಿನ ಎಲ್ಲಿಗ್ ಹೋಗಿತ್ತು ಈ ಬಾಯಿ” ಅಂದರು.

ರಜೆ ಬಂತು, ನಾವು ಹೋದೆವು. ನಾನು ದೇವರಿಗೆ ಕೈ ಮುಗಿಯಲು ಹೋದವಳಲ್ಲ. ನನ್ನ ಮಗಳು ಒಂದು ಚಿತ್ರವನ್ನು ಪೂರ್ತಿ ನೋಡಲಿ ಅಂತ ಹೋದೆ. ಅತ್ತೆ ಮಾತ್ರ ಕಲ್ಲು ಬಿಟ್ಟು ಏಳಲಿಲ್ಲ.

“ನೀವ್ ಹೋಗಿ. ಮಗು ತಿರುಗಿ ನೋಡಿದ್ರೆ ನಾನು ಕಾಣ್ಬೇಕು. ಕಾಣ್ದಿದ್ರೆ ರಂಪ ಮಾಡ್ತದೆ.”

ಅದು ನಿಜ. ಆದರೆ ಅದಷ್ಟೇ ನಿಜವೋ, ಅಥವಾ ಇಷ್ಟು ವರ್ಷ ನಿಂತ ಕಾಲು ಇವತ್ತು ಎತ್ತಿಡಲು ಒಪ್ಪಲಿಲ್ಲವೋ, ನಾನು ಕೇಳಲಿಲ್ಲ.

ಒಳಗೆ ವಿಶಾಖಾ ಗೋಡೆಯ ಹತ್ತಿರ ನಿಂತು ಮುಖಗಳನ್ನು ಸ್ವಲ್ಪ ಹೊತ್ತು ನೋಡಿದಳು. ಬಸ್ಸಿನ ಊರುಗಳನ್ನು ಮೆಲ್ಲಗೆ ಹೇಳಿಕೊಂಡಳು. ಆಮೇಲೆ ಅದೇ ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿ ಕೂತುಬಿಟ್ಟಳು. ಚಿತ್ರ ತೋರಿಸಲು ನಾನು ಎಷ್ಟು ಕರೆದರೂ ತಿರುಗಲಿಲ್ಲ. ಸುಮ್ಮನೆ ಬಂದೆವಾ ಅನ್ನಿಸಿತು.

ಮಾರನೇ ದಿನ ಬರೆದಿದ್ದು ಈ ಲಕೋಟೆಯಲ್ಲಿದೆ, ನೋಡು. ಗಿಣಿ ಇಲ್ಲ, ಉದ್ದ ಕಣ್ಣಿನ ಹೆಂಗಸರಿಲ್ಲ. ಸುತ್ತಲೂ ಕಪ್ಪಾಗಿ ತುಂಬಿದ್ದಾಳೆ, ನಡುವೆ ಬಾಗಿಲು. ಬಾಗಿಲ ಆಚೆ ದೀಪದ ಕಂಬ, ಕಂಬದ ಆಚೆ ಬೇವಿನ ಮರ, ಮರದ ಬುಡದಲ್ಲಿ ಪುಟ್ಟದಾಗಿ ಒಬ್ಬ ಮುದುಕಿ. ಅವಳಿಗೆ ಮುಖ ಇದೆ, ಕೈ ಇದೆ, ಕೋಲು, ಎಲೆಅಡಿಕೆ ಚೀಲ ಎಲ್ಲಾ ಇದೆ. ನನ್ನ ಮಗಳು ಒಬ್ಬರನ್ನು ಪೂರ್ತಿ ಬರೆದದ್ದು ಇದೇ ಮೊದಲು.

ಇದನ್ನು ನಿನ್ನ ಪುಸ್ತಕದ ಕೊನೆಯ ಪುಟಕ್ಕೆ ಹಾಕು. ಕೆಳಗೆ ಅವಳ ಹೆಸರು ಸಾಕು, ವಿವರಣೆ ಬೇಡ. ಹೊಸ ಪುಟಕ್ಕೆ ನನ್ನ ಒಪ್ಪಿಗೆ ಇದೆ, ಎರಡು ಕಡೆ ಬಿಟ್ಟು. ‘ಬೇರೆ ಯಾರೂ ನೋಡದಷ್ಟು ಚೆನ್ನಾಗಿ’ ತೆಗೆದುಬಿಡು, ಮತ್ತೆ ಪವಾಡದ ಹುಡುಗಿ ಮಾಡುತ್ತಿದ್ದೀಯ. ನೋಡಿದಳು ಅಂದರೆ ಸಾಕು. ಕೊನೆಯ ಪ್ರಶ್ನೆಯೂ ಬೇಡ, ಕೇಳಿಕೊಳ್ಳುವ ಮಗು ತಾನೇ ಕೇಳಿಕೊಳ್ಳುತ್ತದೆ. ಶಾಲೆ ತೆರೆಯುವಷ್ಟರಲ್ಲಿ ಪುಸ್ತಕ ಬಂದರೆ ಒಂದು ಪ್ರತಿಯನ್ನು ನಾನೇ ಕಪಾಟಿಗೆ ಇಡುತ್ತೇನೆ. ಬೆಂಚಿನ ವಿಷಯ ಆಮೇಲೆ ನೋಡೋಣ.

ಅಂಚೆಗೆ ಹಾಕುವ ಮೊದಲು ಚಿತ್ರವನ್ನು ಅತ್ತೆಯ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಆ ಪುಟ್ಟ ಮುದುಕಿಯ ಮೇಲೆ ಬೆರಳಿಟ್ಟರು.

“ನಾನಾ ಇದು?” ಅಂದರು. ತುಂಬಾ ಹೊತ್ತು ನೋಡಿದರು. “ಇಷ್ಟು ದೂರದಾಗಿದ್ನಾ ನಾನು?”

ನಿನ್ನ,
ಯಶೋಧಾ